ಹಲಗೆಯ ಮೇಲೆ ಹದಿಮೂರು ಮಂದಿ ನೆಂಟರು

ಬಾಯಲ್ಲಿ ಬಿಸಿ ಶಿರಾ ಇರುವಾಗ ಮನುಷ್ಯ ಯಾವ ಪ್ರಶ್ನೆಗೂ ಉತ್ತರ ಕೊಡಬಾರದು. ಇದು ಕಲಘಟಗಿಯ ತೊಟ್ಟಿಲು ಮಾಡುವ ಇಮಾಮುದ್ದೀನನಿಗೆ ತಿಳಿದದ್ದು ಐವತ್ತೆರಡನೇ ವಯಸ್ಸಿನಲ್ಲಿ, ಅದೂ ಅಣ್ಣಿಗೇರಿಯ ಬೀಗರ ಮನೆಯಲ್ಲಿ. ಇನ್ನೂ ಬೀಗರಾಗಿರಲಿಲ್ಲ, ಆಗುವವರಿದ್ದರು. ಅವನ ಮಗಳು ಖುಷ್ಬೂ ಮತ್ತು ಆ ಮನೆಯ ಹುಡುಗ ಮುಜಫರ್ ಒಬ್ಬರನ್ನೊಬ್ಬರು ಒಪ್ಪಿ ತಿಂಗಳಾಗಿತ್ತು. ಉಳಿದದ್ದು ಹಿರಿಯರು ಕೂತು ತಾರೀಖು ಹಿಡಿಯುವುದಷ್ಟೇ.

ಹುಡುಗನ ತಂದೆ ಮುಸ್ತಫಾ ಮಾಸ್ತರರು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಅವರು ಮೂರು ತಾಸು ಮಾತಾಡಿದ ಮೇಲೆ ಎದ್ದು ಕಪಾಟು ತೆರೆದು, ಇಟ್ಟಿಗೆಯಷ್ಟು ದಪ್ಪದ ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು.

“‘ಹದಿಮೂರು ಮಂದಿ ನೆಂಟರು’! ನೂರು ವರ್ಷದ ಹಿಂದಿನ ಕಾದಂಬರಿ. ಇದನ್ನ ಓದಿದವರ ಮನಿ ಹೆಣ್ಣು ಸಿಕ್ಕರ ಕಣ್ಣು ಮುಚ್ಚಿ ತರತೀನಿ ಅಂತ ನಮ್ಮ ಮನಿಯಾಗ ಹೇಳಿಬಿಟ್ಟೀನ್ರಿ. ನೀವು ಓದೀರಿ ಏನ್ರಿ?”

ಇಲ್ಲ ಎಂದು ತಲೆಯಾಡಿಸಲಿಕ್ಕೇ ಇಮಾಮುದ್ದೀನ ಹೊರಟಿದ್ದ. ಅಷ್ಟರಲ್ಲಿ ಶಿರಾ ನಾಲಿಗೆ ಸುಟ್ಟಿತು, ತಲೆ ಅಡ್ಡಡ್ಡ ಹೋಗುವ ಬದಲು ಮೇಲೆ ಕೆಳಗೆ ಹೋಯಿತು. ತಲೆ ಮಾಡಿದ ತಪ್ಪನ್ನು ಬಾಯಿ ತಿದ್ದಬಹುದಿತ್ತು. ಆದರೆ ಮಾಸ್ತರರ ಮುಖ ಅರಳಿದ್ದು ನೋಡಿ ಆ ಬಾಯಿಗೂ ಹುರುಪು ಬಂತು. ಖಾಲಿಯಾದ ಕೂಡಲೇ ಅದು ಹೇಳಿದ್ದು ಇಷ್ಟು: “ಎರಡು ಸಲಾ ಓದೀನ್ರಿ!”

ಮಾಸ್ತರರು ಅವನನ್ನು ಬಿಗಿದಪ್ಪಿ ನೆಲದಿಂದ ಎತ್ತುವುದೊಂದು ಬಾಕಿ. “ಹಂಗಾರ ಮುಂದಿನ ಐತವಾರ ಬಿಟ್ಟು ಆಚಿ ಐತವಾರ ನಾವು ಕಲಘಟಗಿಗೆ ಬರತೇವಿ. ಕಾದಂಬರಿ ಮಾತಾಡೂಣು, ಆಮ್ಯಾಲ ತಾರೀಖು ಹಿಡಿಯೂಣು!”

ಬಸ್ಸು ಹುಬ್ಬಳ್ಳಿ ದಾಟಿದ ಮೇಲೆ ಹೆಂಡತಿ ನಸೀಮಾಬಿ ಕಿಟಕಿಯ ಕಡೆ ನೋಡುತ್ತಲೇ ಕೇಳಿದಳು.

“ಎರಡು ಸಲಾ?”

“ಅದು... ಬಾಯಿಗೆ ಬಂತು.”

“ಮದುವಿಯಾಗಿ ಇಪ್ಪತ್ತಾರು ವರ್ಷ ಆತು. ನೀವು ಓದಿದ್ದು ನಾ ಕಂಡದ್ದು ಬಸ್ಸಿನ ಬೋರ್ಡ ಒಂದ. ಅದನ್ನೂ ತಪ್ಪು ಓದಿ ಒಮ್ಮೆ ನನ್ನ ಧಾರವಾಡದಾಗ ಇಳಿಸಿದ್ರಿ.”

ಮನೆಯಲ್ಲಿ ಸುದ್ದಿ ಕೇಳಿ ಖುಷ್ಬೂ ನಗಲೂ ಇಲ್ಲ, ಬೈಯಲೂ ಇಲ್ಲ. ಕಣ್ಣು ತುಂಬಿಕೊಂಡು ಅಪ್ಪನ ಕಡೆ ತಿರುಗಿ, “ಅಬ್ಬಾ, ಅವರಿಗೆ ಸುಳ್ಳು ಅಂದ್ರ ಆಗಿಬರೂದಿಲ್ಲ. ಸುಳ್ಳು ಹೇಳಿದಾರ ಅಂತ ಹಿಂದ ಒಂದು ಸಂಬಂಧ ಬಿಟ್ಟಾರ. ಒಂಬತ್ತು ದಿನ ಐತಿ. ಹೆಂಗರ ಮಾಡಿ ಓದಿ ಮುಗಸ್ರಿ. ಯಾರಿಗೂ ಬಾಯಿ ಬಿಡಬ್ಯಾಡ್ರಿ,” ಅಂದಳು. ಮಗಳ ಕಣ್ಣೀರು ನೋಡಿ ಇಮಾಮುದ್ದೀನ ಹದಿಮೂರಲ್ಲ, ಮುನ್ನೂರು ಮಂದಿ ನೆಂಟರಿದ್ದರೂ ಓದಿಯೇ ತೀರುತ್ತೇನೆ ಎಂದು ಎದ್ದು ನಿಂತ.

ಗ್ರಂಥಾಲಯದ ಸುಧಾರಾಣಿ ಮೇಲಿನ ಅಟ್ಟದಿಂದ ಪುಸ್ತಕ ಇಳಿಸಿ, ಸೆರಗಿನಿಂದ ಧೂಳು ಒರಸಿ ಕೊಟ್ಟಳು. ಆರುನೂರಾ ಹನ್ನೆರಡು ಪುಟ. “ನಾ ಬಂದಮ್ಯಾಲ ಇದನ್ನ ಯಾರೂ ಕೇಳಿಲ್ರಿ ಕಾಕಾ. ತೊಟ್ಟಲಾ ಎತ್ತರ ಮಾಡಾಕ ಬೇಕಾಗಿತ್ತೇನ್ರಿ?” ಎಂದು ಕೇಳಿದಳು. ಪ್ರಶ್ನೆ ನ್ಯಾಯವಾದದ್ದೇ. ಇಮಾಮುದ್ದೀನ ಪುಸ್ತಕವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ನಡೆದ.

ಕಾದಂಬರಿಯ ಕಥೆ ಹೀಗಿತ್ತು. ದೇಸಾಯರ ವಾಡೆಗೆ ಬೇಸಿಗೆಯಲ್ಲಿ ಹದಿಮೂರು ಮಂದಿ ನೆಂಟರು ಬರುತ್ತಾರೆ. ಬಂದವರು ಉಂಡು ಮಲಗಿದ್ದರೆ ಪುಸ್ತಕ ನಲವತ್ತು ಪುಟಕ್ಕೆ ಮುಗಿಯುತ್ತಿತ್ತು. ಆದರೆ ಅವರು ಪ್ರೀತಿ ಮಾಡಲು ಶುರುಮಾಡುತ್ತಾರೆ. ಅತ್ತೆಯ ಮೈದುನ ಸೋದರಮಾವನ ನಾದಿನಿಯನ್ನು, ಆ ನಾದಿನಿ ಇನ್ನೊಬ್ಬನನ್ನು, ಆ ಇನ್ನೊಬ್ಬ ನೋಡುವುದು ಮತ್ತೆ ಬೇರೆ ಕಡೆಗೆ. ಹೆಸರುಗಳಂತೂ ದೇವರಿಗೇ ಪ್ರೀತಿ: ಚಂದ್ರಾಬಾಯಿ, ಚಂದ್ರಕ್ಕ, ಚಂದ್ರವ್ವ ಅಂತ ಮೂವರು. ರಾಘಪ್ಪ, ರಾಘೋಬ, ರಾಘವರಾಯ ಅಂತ ಇನ್ನು ಮೂವರು. ಭಾನುವಾರ ಸಂಜೆ ಹೊತ್ತಿಗೆ ಇಮಾಮುದ್ದೀನ ಅರವತ್ತನೇ ಪುಟಕ್ಕೆ ಬಂದಿದ್ದ, ಮತ್ತು ರಾಘವರಾಯನೂ ರಾಘಪ್ಪನೂ ಒಬ್ಬನೇ ಎಂದು ತಪ್ಪು ತಿಳಿದು ಅವನ ನಡತೆಗೆ ಛೀಮಾರಿ ಹಾಕುತ್ತಿದ್ದ.

ಆಗ ಅವನಿಗೆ ಒಂದು ಉಪಾಯ ಹೊಳೆಯಿತು. ಇಂಥ ಉಪಾಯ ತೊಟ್ಟಿಲು ಮಾಡುವವನಿಗಲ್ಲದೆ ಬೇರೆ ಯಾರಿಗೂ ಹೊಳೆಯಲಾರದು.

ನಾಲ್ಕಾರು ತೊಟ್ಟಿಲ ಕೆಲಸ ಒಟ್ಟಿಗೆ ನಡೆದಾಗ ಒಬ್ಬರ ಕಾಲು ಇನ್ನೊಬ್ಬರ ತೊಟ್ಟಿಲಿಗೆ ಸೇರಬಾರದೆಂದು ಇಮಾಮುದ್ದೀನ ಉದ್ದದ ಹಲಗೆಯೊಂದರ ಮೇಲೆ ಸೀಮೆಸುಣ್ಣದಿಂದ ಬರೆದು ಅಂಗಳದ ಗೋಡೆಗೆ ಒರಗಿಸುತ್ತಿದ್ದ. ಮೊದಲು ಬಸುರಿಯ ಹೆಸರು, ಒಂದು ಗೆರೆ, ಆಮೇಲೆ ಗಂಡನ ಹೆಸರು, ಕೊನೆಗೆ ಎಷ್ಟನೇ ತಿಂಗಳು ಎಂಬ ಅಂಕಿ. ಓಣಿಯ ಮಂದಿ ಬಂದು ಹೋಗುವಾಗೆಲ್ಲ ಆ ಹಲಗೆಯನ್ನು ಓದುವರು. ಡಾಕ್ಟರು ಹೇಳಿದ್ದು ಹೆಚ್ಚುಕಡಿಮೆಯಾದೀತು, ಇಮಾಮುದ್ದೀನನ ಹಲಗೆ ಹೆಚ್ಚುಕಡಿಮೆಯಾಗದು ಎಂಬ ನಂಬಿಕೆ ಇತ್ತು. ಕಾಗದದ ಮೇಲೆ ಬರೆದದ್ದು ಅವನ ತಲೆಗೆ ಹತ್ತುತ್ತಿರಲಿಲ್ಲ. ಮೂವತ್ತು ವರ್ಷದಿಂದ ಆ ತಲೆ ಹಲಗೆಗೇ ಒಗ್ಗಿತ್ತು.

ಹಾಗಾಗಿ ಅವನು ಕಾದಂಬರಿಯವರ ಹೆಸರು ಬದಿಗಿಟ್ಟು, ಸ್ವಭಾವ ನೋಡಿ ಅವರಿಗೆಲ್ಲ ಓಣಿಯವರ ಹೆಸರು ಇಟ್ಟ. ಮಾತಿನಲ್ಲಿ ಖಾರ ಸುರಿಯುವ ವಿಧವೆ ಚಂದ್ರಾಬಾಯಿ ಯಾರು? ಮತ್ಯಾರು, ಮೂಲೆಯಲ್ಲಿ ಮಿರ್ಚಿ ಭಜಿ ಕರಿಯುವ ಮೈಲಾರವ್ವ! ಆಕೆಯನ್ನು ದೂರದಿಂದ ನೋಡುತ್ತ ಬಾಯಿಬಿಡದೆ ನಿಲ್ಲುವ ರಾಘಪ್ಪ? ಕುರಿಗಳ ಜೊತೆಯಲ್ಲಿ ಮಾತ್ರ ಮಾತಾಡುವ ಹೊಳೆಯಪ್ಪ! ಸೋಮವಾರ ಬೆಳಗ್ಗೆ ಹಲಗೆಯ ಮೇಲೆ ದಪ್ಪ ಅಕ್ಷರದಲ್ಲಿ ಬಿತ್ತು: “ಮೈಲಾರವ್ವ — ಹೊಳೆಯಪ್ಪ, ೪.” ನಾಲ್ಕು ಅಂದರೆ ಪ್ರಕರಣ ನಾಲ್ಕು. ಅಂಕಿ ಬರೆಯದೆ ಅವನ ಕೈ ನಿಲ್ಲುವುದಿಲ್ಲ.

ಅಲ್ಲಿಂದ ಕಾದಂಬರಿ ನೀರು ಕುಡಿದ ಹಾಗೆ ಇಳಿಯತೊಡಗಿತು. ಇಮಾಮುದ್ದೀನನಿಗೆ ಊಟ ಬೇಡ, ಚಹಾ ಬೇಡ. ಎಡಗೈಯಲ್ಲಿ ಪುಸ್ತಕ, ಬಲಗೈಯಲ್ಲಿ ಕುಂಚ. ಅರಗಿನ ಕೆಂಪು ಬಣ್ಣ ತೊಟ್ಟಿಲಿಗಿಂತ ಹೆಚ್ಚು ಅವನ ಗಡ್ಡಕ್ಕೆ ಬಿತ್ತು. ಇಷ್ಟು ದಿನ ಇಂಥ ಸುಖ ಇದೆಯೆಂದು ಯಾರೂ ಯಾಕೆ ಹೇಳಲಿಲ್ಲ ಎಂದು ಅವನಿಗೆ ಜಗತ್ತಿನ ಮೇಲೆ ಸಿಟ್ಟೂ ಬಂತು.

ಇತ್ತ ಓಣಿಯಲ್ಲಿ ಏನಾಯಿತು ಎಂದರೆ, ಮಂಗಳವಾರದಿಂದ ಮೈಲಾರವ್ವನಿಗೆ ಭಾರ ಎತ್ತಲು ಯಾರೂ ಬಿಡಲಿಲ್ಲ. ಎಣ್ಣೆಯ ಬಾಣಲೆ ಇಳಿಸಲು ಇಬ್ಬರು ಹೆಂಗಸರು ಓಡಿಬಂದರು. ಒಬ್ಬಳು ಹುಣಸೆಕಾಯಿ ತಂದುಕೊಟ್ಟಳು. ಇನ್ನೊಬ್ಬಳು ಆಕೆಯ ಸೊಂಟದ ಕಡೆ ನೋಡಿ ನಿಟ್ಟುಸಿರುಬಿಟ್ಟಳು. ಮೈಲಾರವ್ವನಿಗೆ ಐವತ್ತೆಂಟು. ಗಂಡ ಸತ್ತು ಹದಿನಾರು ವರ್ಷ. ಆಕೆಗೆ ಏನೂ ತಿಳಿಯದು. “ಈ ಓಣಿಗೆ ಯಾವಾಗಿಂದ ಬುದ್ಧಿ ಬಂತವಾ!” ಎಂದು ಹಿಗ್ಗಿ, ಎಲ್ಲರಿಗೂ ಒಂದೊಂದು ಭಜಿ ಹೆಚ್ಚಿಗೆ ಹಾಕಿದಳು.

ಹೊಳೆಯಪ್ಪನಿಗೆ ಸುದ್ದಿ ತಲುಪಿದ್ದು ಬುಧವಾರ. ಅವನು ಸಿಟ್ಟಾಗಲಿಲ್ಲ. ಅರವತ್ತು ದಾಟಿದ ಮನುಷ್ಯ, ಹೆಂಡತಿ ಇಲ್ಲ. ಹಲಗೆಯ ಮುಂದೆ ಬಂದು ನಿಂತು ತನ್ನ ಹೆಸರನ್ನು ಎರಡು ಸಲ ಓದಿದ. ತನಗೇ ಗೊತ್ತಿಲ್ಲದೆ ಇದೆಲ್ಲ ಹೇಗಾಯಿತು ಎಂದು ಸ್ವಲ್ಪ ಹೊತ್ತು ವಿಚಾರ ಮಾಡಿದ. ಇಮಾಮುದ್ದೀನ ಬರೆದಿದ್ದಾನೆಂದರೆ ಆಗಿರಲೇಬೇಕು ಎಂದು ತೀರ್ಮಾನಿಸಿ, ಗಡ್ಡ ಮಾಡಿಸಿಕೊಂಡು, ತಲೆಗೆ ಹೊಸ ಹಳದಿ ಪಟಗ ಸುತ್ತಿಕೊಂಡು ಭಜಿ ಅಂಗಡಿಯ ಎದುರಿನ ಕಟ್ಟೆಯ ಮೇಲೆ ಕೂತ. ಕುರಿಗಳೂ ಕೂತವು.

ಗುರುವಾರ ಕಾದಂಬರಿಯಲ್ಲಿ ಭೂಕಂಪವಾಯಿತು. ಒಂಬತ್ತನೇ ಪ್ರಕರಣದಲ್ಲಿ ರಾಘೋಬ ಎಂಬ ಸಿಹಿಮಾತಿನ ಹುಡುಗ ಬಂದ. ಚಂದ್ರಾಬಾಯಿಯ ಮನಸ್ಸು ಅವನ ಕಡೆ ವಾಲಿತು. ಸಿಹಿಮಾತಿನವನೆಂದರೆ ಓಣಿಗೆ ಒಬ್ಬನೇ, ನಲ್ಲಿಗೆ ನೀರು ಬಿಡುವ ಗುಡದಪ್ಪ. ಇಮಾಮುದ್ದೀನ ಹೊಳೆಯಪ್ಪನ ಹೆಸರಿಗೆ ಕಾಟು ಹೊಡೆದು ಬರೆದ: “ಮೈಲಾರವ್ವ — ಗುಡದಪ್ಪ, ೯.” ಬರೆದವನು ತಡೆದುಕೊಳ್ಳಲಾರದೆ ಒಳಗಿದ್ದ ನಸೀಮಾಬಿಗೆ ಕೂಗಿ ಹೇಳಿದ.

“ಕೇಳಿದೇನು! ಮೈಲಾರವ್ವ ಹೊಳೆಯಪ್ಪನ್ನ ಬಿಟ್ಲು! ಗುಡದಪ್ಪನ ಕೂಡ ಬಾವಿ ಕಟ್ಟಿ ಮ್ಯಾಲ ಸಿಕ್ಕಬಿದ್ಲು!”

ಒಲೆಗೆ ಕಟ್ಟಿಗೆಯ ಹೊಟ್ಟು ಒಯ್ಯಲು ಬಂದವಳೊಬ್ಬಳು ಬಾಗಿಲಲ್ಲೇ ಕಲ್ಲಾಗಿ ನಿಂತಿದ್ದಳು. ಆಕೆ ಕೃಷ್ಣಾ, ಗುಡದಪ್ಪನ ಹೆಂಡತಿ.

“ಇಮಾಮಣ್ಣಾ,” ಅಂದಳು, “ಈ ಹಲಿಗಿ ಮ್ಯಾಲ ಬರದದ್ದು ಖರೇ ಏನ್ರಿ?”

ಇಮಾಮುದ್ದೀನನಿಗೆ ಅನಿಸಿದ್ದು ಬೇರೆಯೇ: ಪುಸ್ತಕದ ಗುಟ್ಟು ರಟ್ಟಾಯಿತು! ಅಣ್ಣಿಗೇರಿಗೆ ಸುದ್ದಿ ಹೋಗಲು ಎಷ್ಟು ಹೊತ್ತು? ಅವನು ಎರಡೂ ಕೈ ಜೋಡಿಸಿದ.

“ಖರೇ ಐತಿ ತಂಗಿ, ನೂರಕ್ಕ ನೂರು. ನಾ ಸ್ವತಾ ಓದೀನಿ... ಅಲ್ಲ, ನೋಡೀನಿ. ನಿನ್ನ ಕೈಮುಗಿತೀನಿ, ಐತವಾರತನಕ ಬಾಯಿ ಬಿಡಬ್ಯಾಡ. ನನ್ನ ಮಗಳ ಮದುವಿ ಇದರ ಮ್ಯಾಲ ನಿಂತೈತಿ!”

ಗುಡದಪ್ಪನ ಬಾವಿ ಕಟ್ಟೆಯ ವ್ಯವಹಾರಕ್ಕೂ ಖುಷ್ಬೂಳ ಮದುವೆಗೂ ಏನು ಸಂಬಂಧ ಎಂದು ಕೃಷ್ಣಾಳಿಗೆ ಹೊಳೆಯಲಿಲ್ಲ. ಆದರೆ ಮಾತು ಕೊಟ್ಟಳು. ಮಾತು ಕೊಟ್ಟವಳು ಮನೆಗೆ ಹೋಗಿ, ಮಲಗಿದ್ದ ಗಂಡನನ್ನು ಹಾಗೇ ಒಳಗೆ ಬಿಟ್ಟು ಹೊರಗಿನಿಂದ ಬೀಗ ಜಡಿದಳು. ಓಣಿಯಲ್ಲಿ ಲೆಕ್ಕ ಬೇರೆ ಶುರುವಾಗಿತ್ತು. ಸೋಮವಾರ ನಾಲ್ಕು, ಗುರುವಾರ ಒಂಬತ್ತು! ಇಷ್ಟು ಜಲ್ದಿ ಬೆಳೆಯುವ ಕೂಸು ಯಾರದೇ ಇರಲಿ, ಸಾಮಾನ್ಯದ್ದಲ್ಲ ಎಂದು ಹಿರಿಯರು ಮಾತಾಡಿಕೊಂಡರು. ಕಟ್ಟೆಯ ಮೇಲಿನ ಹೊಳೆಯಪ್ಪ ಪಟಗ ಬಿಚ್ಚಿ ಮಡಚಿ ಬಗಲಲ್ಲಿಟ್ಟುಕೊಂಡು, ಕುರಿಗಳನ್ನು ಎಬ್ಬಿಸಿಕೊಂಡು ಹೋದ. ಆ ನಡಿಗೆ ನೋಡಿ ಒಬ್ಬಿಬ್ಬರು ಹೆಂಗಸರು ಕಣ್ಣೊರಸಿಕೊಂಡರು.

ನೀರು ಬಿಡುವವನೇ ಒಳಗಿದ್ದ ಮೇಲೆ ನಲ್ಲಿಗೆ ನೀರು ಎಲ್ಲಿಂದ? ಶುಕ್ರವಾರ ಇಲ್ಲ, ಶನಿವಾರ ಇಲ್ಲ. ಕೇಳಲು ಹೋದವರಿಗೆ ಕಿಟಕಿಯಿಂದ ಗುಡದಪ್ಪ, “ನನಗೂ ಗೊತ್ತಿಲ್ರೋ ಯಾಕಂತ!” ಎಂದು ಅಳುಮುಖ ಮಾಡಿ ಹೇಳುತ್ತಿದ್ದ.

ಇಮಾಮುದ್ದೀನನಿಗೆ ನೀರಿನ ಪರಿವೆಯೇ ಇರಲಿಲ್ಲ. ಶುಕ್ರವಾರ ಕಾದಂಬರಿಯಲ್ಲಿ ರಾಮರಾಯ ಎಂಬ ಮುದುಕ ಬಂದಿದ್ದ. ಎರಡು ದಿನಕ್ಕೆಂದು ಬಂದವನು ನೂರು ಪುಟವಾದರೂ ಹೋಗುತ್ತಿಲ್ಲ. ತಿನ್ನುತ್ತಾನೆ, ಮಾತಾಡುತ್ತಾನೆ, ಮಲಗುತ್ತಾನೆ, ಎದ್ದು ಮತ್ತೆ ಮಾತಾಡುತ್ತಾನೆ. ಓಣಿಯಲ್ಲಿ ಅಂಥವರು ಯಾರೂ ಇರಲಿಲ್ಲ. ಇಮಾಮುದ್ದೀನ ಸ್ವಲ್ಪ ಯೋಚಿಸಿ ಹಲಗೆಯ ತುದಿಗೆ ಬರೆದ: “ಮುಸ್ತಫಾ ಮಾಸ್ತರ — ಬಂದಾನ, ಹೋಗವಲ್ಲ.”

ಶನಿವಾರ ಅದನ್ನು ಕಂಡ ನಸೀಮಾಬಿ ಹಣೆ ಚಚ್ಚಿಕೊಂಡಳು. “ಒರಸ್ರಿ ಅದನ್ನ!”

“ಒರಸಿದ್ರ ಕತಿ ಕಲಸತೈತಿ. ಇನ್ನ ನೂರು ಪುಟ ಉಳದೈತಿ. ತಿರುವಿ ಹಾಕತೀನಿ ತೊಗೊ,” ಎಂದು ಬರೆದ ಬದಿಯನ್ನು ಗೋಡೆಗೆ ಮಾಡಿ ಇಟ್ಟ.

ಭಾನುವಾರ ಹನ್ನೊಂದಕ್ಕೆ ಮಾಸ್ತರರು, ಅವರ ಮನೆಯವರು, ಮುಜಫರ್ ಬಂದಿಳಿದರು. ಪಕ್ಕದ ಓಣಿಯಿಂದ ಎರಡು ಕೊಡ ನೀರು ತಂದು ಬಿರ್ಯಾನಿಗೆ ಇಟ್ಟಾಗಿತ್ತು. ಕುರ್ಚಿ ಸಾಲದೆ, ಎರಡು ಸ್ಟೂಲಿನ ಮೇಲೆ ಹಲಗೆ ಇಟ್ಟು, ಚಾದರ ಹಾಸಿ ನಸೀಮಾಬಿ ಆಸನ ಮಾಡಿದ್ದಳು. ಅವಸರದಲ್ಲಿ ಯಾವ ಹಲಗೆ ಎಂದು ನೋಡಿರಲಿಲ್ಲ. ಮಾಸ್ತರರು ಅದರ ನಟ್ಟನಡುವೆ ಕೂತು ಕೈ ಉಜ್ಜಿಕೊಂಡರು.

“ಹೂಂ, ಬೀಗರ! ಶುರು ಮಾಡ್ರಿ. ಹದಿಮೂರು ಮಂದಿಯೊಳಗ ನಿಮ್ಮ ಮನಸಿಗೆ ಹಿಡಿಸಿದವರು ಯಾರು?”

ಇಮಾಮುದ್ದೀನ ಐನೂರಾ ಮೂವತ್ತೆಂಟನೇ ಪುಟಕ್ಕೆ ಬಂದಿದ್ದ. ಬಾಯಿ ತೆರೆದ. ಆದರೆ ಮಾತಾಡಿದ್ದು ಅವನಲ್ಲ.

“ಎಲ್ಲದಾನ ಅವ ಇಮಾಮ್ಯಾ!”

ಬಾಗಿಲಲ್ಲಿ ಮೈಲಾರವ್ವ. ಕೈಯಲ್ಲಿ ಭಜಿ ಎತ್ತುವ, ಎಣ್ಣೆ ತೊಟ್ಟಿಕ್ಕುವ ಜಾರಿ ಸೌಟು. ಹಿಂದೆ ಕೃಷ್ಣಾ, ಅವಳ ಕೈಯಲ್ಲಿ ಗುಡದಪ್ಪನ ಕಾಲರು. ಕೊಟ್ಟ ಮಾತಿನಂತೆ ಅವಳು ಭಾನುವಾರದ ತನಕ ತಡೆದಿದ್ದಳು; ಭಾನುವಾರ ಬೆಳಗಾದ ಕೂಡಲೇ ಭಜಿ ಅಂಗಡಿಗೆ ಹೋಗಿ ಎಲ್ಲ ಒದರಿದ್ದಳು. ಅವರ ಹಿಂದೆ ಹೊಳೆಯಪ್ಪ, ಅವನ ಹಿಂದೆ ಇಡೀ ಓಣಿ.

“ನನಗ ತೊಟ್ಟಲಾ ಮಾಡಾಕ ಹತ್ತೀ ಅಂತಲ್ಲೋ! ಐವತ್ತೆಂಟು ವರ್ಷದಾಕಿಗೆ! ಅದೂ ಸೋಮವಾರ ಒಬ್ಬ ಗಂಡ, ಗುರುವಾರ ಒಬ್ಬ ಗಂಡ!”

“ಅಕ್ಕಾರ, ಬೀಗರು ಬಂದಾರ್ರಿ, ನಾಳಿ...”

“ಬೀಗರೂ ನೋಡಲಿ! ಎಲ್ಲೈತಿ ಹಲಿಗಿ?”

ಕೃಷ್ಣಾಳ ಕಣ್ಣು ಚಾದರದ ಅಂಚಿನಿಂದ ಹೊರಬಂದಿದ್ದ ಹಲಗೆಯ ತುದಿಗೆ ಬಿತ್ತು. “ಯಜಮಾನ್ರ, ಏಳ್ರಿ ಸ್ವಲ್ಪ.” ಮಾಸ್ತರರು ಮರ್ಯಾದೆಯಿಂದ ಎದ್ದರು. ಚಾದರ ಹಾರಿತು, ಹಲಗೆ ಮಗುಚಿ ಬರಹ ಮೇಲಾಯಿತು. ಮೂವತ್ತೊಂದು ವರ್ಷ ಪಾಠ ಓದಿಸಿದ ಅಭ್ಯಾಸ; ಅಕ್ಷರ ಕಂಡ ಕೂಡಲೇ ಮಾಸ್ತರರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು.

“ಮೈಲಾರವ್ವ, ಹೊಳೆಯಪ್ಪ, ಕಾಟು. ಮೈಲಾರವ್ವ, ಗುಡದಪ್ಪ, ಒಂಬತ್ತು. ಮುಸ್ತಫಾ ಮಾಸ್ತರ, ಬಂದಾನ, ಹೋಗ...”

ಅಲ್ಲಿಗೆ ದನಿ ನಿಂತಿತು. ಅಡುಗೆಮನೆಯ ಬಾಗಿಲಲ್ಲಿ ಖುಷ್ಬೂ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು.

ಮಗಳ ಮುಖ ನೋಡಿದ್ದೇ ಇಮಾಮುದ್ದೀನನಿಗೆ ತಡೆಯಲಾಗಲಿಲ್ಲ. “ಮಾಸ್ತರ್ರ, ನಾ ಆ ಪುಸ್ತಕ ಓದಿರಲಿಲ್ರಿ! ಸುಳ್ಳು ಹೇಳಿದೆ. ಈಗ ಓದಾಕ ಹತ್ತೀನಿ. ಆ ಚಂದ್ರಾಬಾಯಿ, ರಾಘಪ್ಪ ಎಲ್ಲಾ ತಲಿಯಾಗ ನಿಂದರವಲ್ರು, ಅದಕ್ಕ ಓಣಿಯವರ ಹೆಸರು ಇಟಕೊಂಡೆ. ತಪ್ಪು ನಂದು. ನನ್ನ ಮಗಳಿಗೆ ಶಿಕ್ಷಾ ಕೊಡಬ್ಯಾಡ್ರಿ. ಆಕಿ ಸುಳ್ಳು ಹೇಳಿಲ್ರಿ!”

ಮೊದಲು ಸಾವರಿಸಿಕೊಂಡವಳು ಮೈಲಾರವ್ವ. “ಅಂದ್ರ ಇದು ಪುಸ್ತಕದ್ದು? ಆಕಿ... ಆ ಬಾಯಿ... ನಾನಾ?”

“ನೀವ ರಿ ಅಕ್ಕಾರ! ಏನು ಬಾಯಿ ಅಂತೀರಿ ಆಕಿದು! ದೇಸಾಯಿ ಎದುರಿಗೆ ನಿಂತು, ನಿಮ್ಮ ವಾಡೆ ನಿಮಗಿರಲಿ, ನನ್ನ ಮಾತು ನನಗಿರಲಿ ಅಂತಾಳ್ರಿ. ಇಡೀ ವಾಡೇನ ಗಪ್ಪ್!” ಇಮಾಮುದ್ದೀನನಿಗೆ ತಾನೆಲ್ಲಿದ್ದೇನೆ ಎಂಬುದೇ ಮರೆತು ಕೈ ಮೇಲೆದ್ದಿತ್ತು.

ಮೈಲಾರವ್ವ ಜಾರಿ ಕೆಳಗಿಳಿಸಿದಳು. “ಬರೋಬ್ಬರಿ ಅಂದ್ಲು ನೋಡ.”

“ಮತ್ತ ನನ್ನ ಯಾಕ ಕಾಟು ಹೊಡದ್ರಿ?” ಇದು ಹೊಳೆಯಪ್ಪ. ಓಣಿಯ ಬಹಳ ಮಂದಿ ಅವನ ದನಿ ಕೇಳಿದ್ದು ಅದೇ ಮೊದಲು.

“ಹದಿನೆಂಟನೇ ಪ್ರಕರಣದಾಗ ಆಕಿ ಮನಸ್ಸು ಮತ್ತ ನಿಮ್ಮ ಕಡೆ ಹೊಳ್ಳಾಕ ಹತ್ತೇತ್ರಿ ಕಾಕಾ! ಗುಡದಪ್ಪ ಬರೇ ಮಾತಿನ ಮಲ್ಲ ಅಂತ ಗೊತ್ತಾಗೇತಿ!”

ಹೊಳೆಯಪ್ಪ ಬಗಲಿನಿಂದ ಪಟಗ ತೆಗೆದು ಸುತ್ತಿಕೊಳ್ಳತೊಡಗಿದ. ಈಗ ಕೃಷ್ಣಾಳಿಗೆ ಸಿಟ್ಟು ಬಂತು. “ಯಾಕ್ರಿ, ನನ್ನ ಗಂಡಗ ಏನ್ ಕಡಿಮಿ ಆಗೇತಿ? ಆಕಿ ಯಾಕ ಬ್ಯಾಡ ಅಂದ್ಲು?”

“ಸುಮ್ಮನಿರ್ರಿ ಎಲ್ಲಾರೂ!” ಮಾಸ್ತರರ ದನಿಗೆ ಓಣಿ ಹೈಸ್ಕೂಲಿನ ಹಾಗೆ ಸುಮ್ಮನಾಯಿತು. ಅವರು ಹಲಗೆಯ ಕಡೆ ಬೆರಳು ತೋರಿಸಿದರು. “ರಾಮರಾಯನ ಜಾಗಾಕ್ಕ ನನ್ನ ಹೆಸರು ಯಾಕ ಇಟ್ಟಿರಿ?”

ಇನ್ನೊಂದು ಸುಳ್ಳು ಹೇಳಬಹುದಿತ್ತು. ಇಮಾಮುದ್ದೀನನಿಗೆ ಧೈರ್ಯ ಸಾಲಲಿಲ್ಲ.

“ನೀವು ಮೂರು ತಾಸು ಮಾತಾಡಿದ್ರಿ... ಅವನೂ ಹಂಗ ಮಾತಾಡತಾನ್ರಿ. ಮೊದಲ ಬ್ಯಾಸರ ಬಂತು. ಆಮ್ಯಾಲ ಅವ ಬಂದ್ರ ನಗು ಬರಾಕ ಹತ್ತಿತ್ರಿ. ಈಗ ಅವ ಇಲ್ಲದ ಪುಟಾ ಸಪ್ಪಗ ಅನಸ್ತಾವು. ನನಗ ಮನಸಿಗೆ ಹಿಡಿಸಿದಾಂವ ಅವನ ರಿ.”

ಮಾಸ್ತರರು ಕನ್ನಡಕ ತೆಗೆದು ಒರಸಿಕೊಂಡರು.

“ಮೂವತ್ತೊಂದು ವರ್ಷ ಈ ಪ್ರಶ್ನೆ ಕೇಳೀನಿ. ಎಲ್ಲಾರೂ ಗೈಡ್ ನೋಡಿ ದೇಸಾಯಿ ಹೆಸರು ಹೇಳ್ಯಾರ. ಒಬ್ಬನೂ ರಾಮರಾಯ ಅಂದಿಲ್ಲ. ಸುಳ್ಳು ಹೇಳಿದ್ದಕ್ಕ ನಿಮ್ಮ ಮ್ಯಾಲ ಸಿಟ್ಟೈತಿ, ಅದು ಬ್ಯಾರೆ. ಆದ್ರ ಪುಸ್ತಕ ಓದಿದ ಮನಷ್ಯಾ ನನಗ ಸಿಕ್ಕಿದ್ದು ನೀವ ಮೊದಲು.” ಅವರು ಹಲಗೆಯನ್ನು ಮತ್ತೆ ಸ್ಟೂಲಿನ ಮೇಲೆ ಇಟ್ಟು, ಚಾದರವಿಲ್ಲದೆಯೇ ಅದರ ಮೇಲೆ ಭದ್ರವಾಗಿ ಕೂತರು. “ಕಡೀ ಪ್ರಕರಣದಾಗ ಬೀಗರು ಬೀಗರು ಜಗಳಾಡಿ ಎಲ್ಲಾ ಲಗ್ನ ಮುರಿಯೂ ಹೊತ್ತು ಬರತೈತಿ. ಆಗ ರಾಮರಾಯ ಅಂಗಳದಾಗ ಹಿಂಗ ಕೂತು, ತಾರೀಖು ಹಿಡಿಯೂತನಕ ನಾ ಏಳೂದಿಲ್ಲ ಅಂತಾನ. ನಾನೂ ಏಳೂದಿಲ್ಲ. ಕ್ಯಾಲೆಂಡರ್ ತರ್ರಿ!”

ಯಾರು ತರಬೇಕು ಎಂದು ಯಾರೂ ಹೇಳಲಿಲ್ಲ. ಗೋಡೆಯ ಕ್ಯಾಲೆಂಡರು ಮೊಳೆಯ ಸಮೇತ ಖುಷ್ಬೂಳ ಕೈಯಲ್ಲಿತ್ತು. ಅದನ್ನು ಮಾವನಾಗುವವರ ತೊಡೆಯ ಮೇಲಿಟ್ಟು ಅವಳು ಒಳಗೆ ಓಡಿದಳು. ಮುಜಫರ್ ತಲೆ ತಗ್ಗಿಸಿ ನಕ್ಕ. ನಸೀಮಾಬಿ ಅಳುತ್ತ ನಗುತ್ತ ಬಿರ್ಯಾನಿಗೆ ಎರಡನೇ ಸಲ ಉಪ್ಪು ಹಾಕಿದಳು. ಓಣಿಯವರು ಹೋ ಎಂದು ಕೂಗಿದರು.

ಒಬ್ಬನೇ ಒಬ್ಬನ ಮುಖ ಬಾಡಿತ್ತು. ಇಮಾಮುದ್ದೀನ ಪುಸ್ತಕವನ್ನು ಎದೆಗವಚಿಕೊಂಡು, ಎಪ್ಪತ್ತನಾಲ್ಕು ಪುಟ ಉಳಿದಿದ್ದ ಜಾಗದಲ್ಲಿ ಬೆರಳಿಟ್ಟುಕೊಂಡು, ಅಳುವ ದನಿಯಲ್ಲಿ ಹೇಳಿದ:

“ಏನ್ ಮಾಡಿದ್ರಿ ಬೀಗರ! ಕಡೀಕ ಏನಾಗತೈತಿ ಅಂತ ಹೇಳೇ ಬಿಟ್ರಲ್ರಿ!”